ಗುಬ್ಬಿಯೊದ ಬೆರಳಗಲದ ಜೇಡಿ

ಇಟಲಿಯ ಗುಬ್ಬಿಯೊ ಊರಾಚೆಯ ಬೊಟಾಚೋನೆ ಕಣಿವೆ ಇದು. ರಸ್ತೆ ಮಗ್ಗುಲಲ್ಲೇ ಸುಣ್ಣಕಲ್ಲಿನ ಪದರಗಳು ಓರೆಯಾಗಿ ಮೇಲೆದ್ದಿವೆ. ಬೆಳ್ಳನೆಯ ಕಲ್ಲು ಮುಗಿದು ನಸುಗೆಂಪು ಕಲ್ಲು ಶುರುವಾಗುವ ಸಂದಿಯನ್ನು ನೋಡಿ. ಅಲ್ಲಿರುವ ಬೆರಳಗಲದ ಜೇಡಿಯೇ 6.6 ಕೋಟಿ ವರ್ಷದ ಹಿಂದೆ ಡೈನೊಸಾರ್‌ಗಳು ಅಳಿದ ಹೊತ್ತಿನ ಗುರುತು. ಬಂದವರೆಲ್ಲ ಚೂರುಚೂರೇ ಕೆರೆದು ಒಯ್ದು ಇಲ್ಲಿ ಪೊಟರೆಯೇ ಬಿದ್ದಿದೆ. ಅನುಮತಿ ಇಲ್ಲದೆ ಸುತ್ತಿಗೆ ಎತ್ತಬೇಡಿ, ದಯವಿಟ್ಟು.

ಡೈನೊಸಾರ್ ಕಾಲ ಮುಗಿದ ಗಡಿ ಇದೇ ಅಂತ ಖಾತ್ರಿ ಮಾಡಿಕೊಳ್ಳಲು ಜೇಡಿಯ ಕೆಳಗಿನ ಕಲ್ಲಿನ ಹೊಸ ಮೈಯನ್ನು ಒದ್ದೆ ಮಾಡಿ, ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿಯಿರಿ. ಒಂದು ಮಿಲಿಮೀಟರ್ ಆಸುಪಾಸಿನ ಚುಕ್ಕೆಗಳು ಕಾಣುತ್ತವೆ. ಅವು ಫೊರಾಮಿನಿಫೆರಾ ಎಂಬ ಏಕಕೋಶದ ಸಮುದ್ರಜೀವಿಗಳ ಚಿಪ್ಪುಗಳು. ಜೇಡಿಯ ಮೇಲಿನ ಕಲ್ಲಿನಲ್ಲಿ ಈ ದೊಡ್ಡ ಚಿಪ್ಪುಗಳಿಲ್ಲ. ಉಳಿದವು ತೀರಾ ಸಣ್ಣವು, ಕಲ್ಲನ್ನು 0.03 ಮಿಲಿಮೀಟರ್ ದಪ್ಪದ ಹಾಳೆಯಾಗುವಷ್ಟು ಉಜ್ಜಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

1980ರಲ್ಲಿ ಲೂಯಿ ಮತ್ತು ವಾಲ್ಟರ್ ಆಲ್ವರೆಜ್, ಫ್ರಾಂಕ್ ಅಸಾರೊ, ಹೆಲೆನ್ ಮೈಕೆಲ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು ಈ ಜೇಡಿಯ ಲೆಕ್ಕವನ್ನೇ: ಭೂಮಿಯ ಮೇಲ್ಪದರದಲ್ಲಿ ವಿರಳವಾದ, ಉಲ್ಕೆಗಳಲ್ಲಿ ಹೆಚ್ಚಿರುವ ಇರಿಡಿಯಂ ಲೋಹ ಅಕ್ಕಪಕ್ಕದ ಕಲ್ಲಿಗಿಂತ ಸುಮಾರು 30 ಪಟ್ಟು ಹೆಚ್ಚು. ಹೆಚ್ಚು ಅಂದರೂ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ! ಹಾಗಾಗಿ ಇರಿಡಿಯಂ ಅಳೆಯಲು ಮಾದರಿ ತೆಗೆಯುವ ಮೊದಲು ಪ್ಲಾಟಿನಂ ಉಂಗುರ ಕಳಚಿಡಿ. ಆಭರಣದ ಪ್ಲಾಟಿನಂ ಗಟ್ಟಿಯಾಗಲೆಂದು ಇರಿಡಿಯಂ ಬೆರೆಸಿರುತ್ತಾರೆ, ಉಜ್ಜಿದ ಒಂದು ಕಣ ಸಾಕು ಫಲಿತಾಂಶ ಕೆಡಲು.

ಮಳೆ-ಗಾಳಿಗೆ ಸವೆದ ಮೈಯನ್ನು 15–20 ಸೆಂಟಿಮೀಟರ್ ಒಳಕ್ಕೆ ಕೆತ್ತಿ ತೆಗೆಯಿರಿ. ಬೇರು ಇಳಿದ ಜಾಗ ಬಿಟ್ಟುಬಿಡಿ. ಜೇಡಿಯ ತಳವನ್ನು ಸೊನ್ನೆ ಎಂದು ಗುರುತಿಸಿ, ಮಾದರಿಗಳನ್ನು ಕೆಳಗಿನಿಂದ ಮೇಲಕ್ಕೆ ತೆಗೆಯುತ್ತಾ ಬನ್ನಿ. ಮೇಲಿನಿಂದ ಶುರು ಮಾಡಿದರೆ ಉದುರಿದ ಪುಡಿ ಕೆಳಗಿನ ಮಾದರಿಗೆ ಸೇರುತ್ತದೆ. ಗಡಿಯ ಹತ್ತಿರ ಸೆಂಟಿಮೀಟರ್‌ಗೊಂದು, ದೂರ ಹೋದಂತೆ ಐದಕ್ಕೊಂದು, ಹತ್ತಕ್ಕೊಂದು. ಅಳತೆಪಟ್ಟಿ ಪದರಕ್ಕೆ ಲಂಬವಾಗಿರಲಿ. ಪದರ ಓರೆ ಇದ್ದಾಗ ನೆಲಕ್ಕೆ ನೇರವಾಗಿ ಹಿಡಿದರೆ ದಪ್ಪ ಹೆಚ್ಚು ಬರುತ್ತದೆ.

ಹೆಚ್ಚಿನ ಮೋಸ ಆಗುವುದು ಹುಳುಬಿಲಗಳಿಂದ. ಅಂದಿನ ಸಮುದ್ರತಳದ ಜೀವಿಗಳು ಕೊರೆದ ಬಿಲಗಳಲ್ಲಿ ಜೇಡಿ ಕೆಳಗಿಳಿದಿರುತ್ತದೆ. ಅದನ್ನು ನೋಡದೆ ಕೆರೆದರೆ ಇರಿಡಿಯಂ ಹಲವು ಸೆಂಟಿಮೀಟರ್ ಹರಡಿದಂತೆ ಕಾಣುತ್ತದೆ. ಒಮ್ಮೆಲೇ ಬಿದ್ದದ್ದು ನಿಧಾನಕ್ಕೆ ಸುರಿದಂತೆ ತೋರುತ್ತದೆ. ಡೈನೊಸಾರ್‌ಗಳನ್ನು ಅಳಿಸಿದ್ದು ಉಲ್ಕೆಯೋ ಜ್ವಾಲಾಮುಖಿಯೋ ಎಂಬ ವಾದದಲ್ಲಿ ಈ ಒಂದು ತಪ್ಪು ತುಂಬ ದುಬಾರಿ. ನಮ್ಮ ಬೆಳಗಾವಿ, ವಿಜಯಪುರದ ಕರಿಕಲ್ಲು ಕೂಡ ಹೆಚ್ಚುಕಡಿಮೆ ಅದೇ ಕಾಲದ ಲಾವಾ ತಾನೇ.

ಜೇಡಿಯನ್ನು ಪ್ಲಾಸ್ಟಿಕ್ ಚಮಚದಲ್ಲಿ ಎತ್ತಿ, ಪ್ರತಿ ಸಲ ಒರೆಸಿ. ಕಲ್ಲಿನ ತುಂಡಿನ ಮೇಲೆ ‘ಮೇಲೆ’ ಬಾಣ, ಸಂಖ್ಯೆ ಬರೆದ ಮೇಲೆಯೇ ಚೀಲ ಕಟ್ಟಿ.