ಹೊಸ ಅಲೆ ಬಂದಾಗ ಹಳಬರು ಬಿಟ್ಟದ್ದೇನು?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ರಾಕ್ ಗಾಯಕ, ಮೊದಲು ಜೆನೆಸಿಸ್ ತಂಡದಲ್ಲಿದ್ದ ಪೀಟರ್ ಗೇಬ್ರಿಯಲ್ ಅವರು ತಂಡವಿಲ್ಲದೆ ಒಬ್ಬರೇ ಮಾಡಿದ ಮೂರನೇ ಆಲ್ಬಂ ಬಂದದ್ದು 1980ರಲ್ಲಿ. ಅದನ್ನು ರೆಕಾರ್ಡ್ ಮಾಡುವಾಗ ಅವರು ಡ್ರಮ್ಮರ್‌ಗಳಿಗೆ ಒಂದು ಷರತ್ತು ಹಾಕಿದ್ದರು. ಇಡೀ ಆಲ್ಬಂನಲ್ಲಿ ಯಾರೂ ಸಿಂಬಲ್, ಅಂದರೆ ಡ್ರಮ್‌ಗಳ ಜೊತೆಗಿರುವ ಲೋಹದ ತಟ್ಟೆ, ಬಾರಿಸುವಂತಿಲ್ಲ! ಮೃದಂಗದವರಿಗೆ 'ಬಲಗಡೆ ಮುಟ್ಟಬೇಡಿ, ಎಡಗಡೆಯಲ್ಲೇ ಕಛೇರಿ ಮುಗಿಸಿ' ಅಂದ ಹಾಗೆ. ರಾಕ್ ಡ್ರಮ್ಮರ್‌ನ ಒಂದು ಕೈ ಹೆಚ್ಚುಕಮ್ಮಿ ಪೂರ್ತಿ ಹೊತ್ತು ಸಿಂಬಲ್ ಇಲ್ಲವೇ ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಮೇಲೇ ಇರುತ್ತದೆ. ಅದನ್ನು ಕಿತ್ತುಕೊಂಡರೆ ಆ ಕೈ ಹೊಸ ಕೆಲಸ ಹುಡುಕಬೇಕು.

ಹಳೆಯ ರಾಕ್ ಕಲಾವಿದರು ನ್ಯೂ ವೇವ್‌ಗೆ, ಅಂದರೆ 70ರ ದಶಕದ ಕೊನೆಯಲ್ಲಿ ಬಂದ ಹೊಸ ಬಗೆಯ ರಾಕ್‌ಗೆ, ಹೊಂದಿಕೊಂಡ ಕಥೆ ಹೇಳುವವರು ಸಾಮಾನ್ಯವಾಗಿ ಅವರು ಏನೇನು ಸೇರಿಸಿಕೊಂಡರು ಅಂತ ಪಟ್ಟಿ ಕೊಡುತ್ತಾರೆ. ಸಿಂಥಸೈಜರ್ ಬಂತು, ತಲೆಕೂದಲು ಗಿಡ್ಡವಾಯಿತು, ಹಾಡಿಗೊಂದು ವಿಡಿಯೋ ಬಂತು. ಅದೆಲ್ಲ ನಿಜ. ಆದರೆ ಆಗಿನ ರೆಕಾರ್ಡುಗಳನ್ನು ಕೇಳಿದಷ್ಟೂ ನನ್ನ ಕಿವಿಗೆ ಬೀಳುವುದು ಅವರು ಬಿಟ್ಟುಕೊಟ್ಟದ್ದು. ಯಾರು ತಮ್ಮ ಕೈಗೆ ಸಲೀಸಾಗಿ ಬರುತ್ತಿದ್ದುದನ್ನು ಬಿಟ್ಟರೋ ಅವರ ಸಂಗೀತ ಇವತ್ತಿಗೂ ತಾಜಾ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಆಗಿನ ಪರಿಸ್ಥಿತಿ ಸ್ವಲ್ಪ ನೋಡೋಣ. 70ರ ದಶಕದ ಮೊದಲ ಭಾಗ ಉದ್ದ ಹಾಡುಗಳ ಕಾಲ. ಗೇಬ್ರಿಯಲ್ ಇದ್ದಾಗ ಜೆನೆಸಿಸ್ ತಂಡ 1972ರಲ್ಲಿ ಕೊಟ್ಟ 'ಸಪರ್ಸ್ ರೆಡಿ' ಹತ್ತಿರ ಹತ್ತಿರ 23 ನಿಮಿಷ. 1976-77ರಲ್ಲಿ ಲಂಡನ್ನಿನಲ್ಲಿ ಪಂಕ್ ಸಿಡಿಯಿತು. ಮೂರು ನಿಮಿಷದ ಹಾಡು, ಒರಟು ಗಿಟಾರ್, ನಡುವೆ ಉದ್ದುದ್ದ ಒಂಟಿ ವಾದ್ಯದ ನುಡಿಸಾಟ ಇಲ್ಲ. ಅದರ ಬೆನ್ನಿಗೇ ಬಂದದ್ದು ನ್ಯೂ ವೇವ್. ನ್ಯೂಯಾರ್ಕಿನಲ್ಲಿ ಟಾಕಿಂಗ್ ಹೆಡ್ಸ್, ಬ್ಲಾಂಡಿ. ಇಂಗ್ಲೆಂಡಿನಲ್ಲಿ ಎಲ್ವಿಸ್ ಕಾಸ್ಟೆಲೋ, ಎಕ್ಸ್‌ಟಿಸಿ, ದಿ ಪೊಲೀಸ್. ಇವರೆಲ್ಲ ಹೊಸಬರು ಅಂದುಕೊಳ್ಳುತ್ತೇವೆ, ಅಲ್ವಾ? ಪೊಲೀಸ್ ತಂಡದ ಗಿಟಾರಿಸ್ಟ್ ಆಂಡಿ ಸಮರ್ಸ್ ಹುಟ್ಟಿದ್ದು 1942ರಲ್ಲಿ. 1968ರಲ್ಲೇ ಅವರು 60ರ ದಶಕದ ರಾಕ್ ಗಾಯಕ ಎರಿಕ್ ಬರ್ಡನ್ ಜೊತೆ ನುಡಿಸಿದ್ದರು. ಅಂದರೆ ಗೇಬ್ರಿಯಲ್‌ಗಿಂತ ಏಳೆಂಟು ವರ್ಷ ದೊಡ್ಡವರು. ಹಾಗಾಗಿ ಇದನ್ನು ಬರೀ ವಯಸ್ಸಿನ ಜಗಳ ಅನ್ನಲು ಬರುವುದಿಲ್ಲ.

ಈಗ ಆ ಸಿಂಬಲ್ ಇಲ್ಲದ ಆಲ್ಬಂಗೆ ಬರೋಣ. ಅದರ ನಿರ್ಮಾಪಕ ಸ್ಟೀವ್ ಲಿಲಿವೈಟ್, ಎಂಜಿನಿಯರ್ ಹ್ಯೂ ಪ್ಯಾಡ್ಗಮ್. ಇಬ್ಬರೂ ಎಕ್ಸ್‌ಟಿಸಿ ಜೊತೆ ಕೆಲಸ ಮಾಡಿದವರು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಒಳಗಿರುವ ಕಲಾವಿದರ ಮಾತು ಹೊರಗೆ ಕೇಳಿಸಲಿ ಅಂತ ಒಂದು ಮೈಕ್ ಇತ್ತು. ದೂರದ ಮಾತನ್ನೂ ಹಿಡಿಯಬೇಕಾದ್ದರಿಂದ ಮೆಲ್ಲನೆಯ ಸದ್ದೂ ಜೋರಾಗಿ ಕೇಳುವ ಹಾಗೆ ಅದರ ಧ್ವನಿಯನ್ನು ಯಂತ್ರ ತುಂಬಾ ಒತ್ತಿ ಹಿಂಡುತ್ತಿತ್ತು. ಆ ಮೈಕ್ ತೆರೆದಿದ್ದಾಗ ಜೆನೆಸಿಸ್ ತಂಡದ ಡ್ರಮ್ಮರ್ ಫಿಲ್ ಕಾಲಿನ್ಸ್ ಡ್ರಮ್ ಬಾರಿಸಿದರು. ಗೋಡೆಯೇ ಬಿದ್ದಂಥ ಸದ್ದು! ಅದಕ್ಕೆ ಇನ್ನೊಂದು ಸಲಕರಣೆ ಸೇರಿಸಿ, ಸದ್ದು ಮೆಲ್ಲಗೆ ಕರಗುವ ಮೊದಲೇ ಕಚಕ್ಕನೆ ಕತ್ತರಿಸಿಬಿಟ್ಟರು. ಪೆಟ್ಟು, ಆಮೇಲೆ ಪೂರ್ತಿ ಮೌನ. 'ಇಂಟ್ರೂಡರ್' ಹಾಡಿನ ಶುರುವಿನಲ್ಲಿ ಕೇಳುವುದು ಇದೇ.

ಸಿಂಬಲ್ ಇದ್ದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ. ಅದರ ಝೇಂಕಾರ ಆ ಮೌನವನ್ನೆಲ್ಲ ತುಂಬಿಬಿಡುತ್ತಿತ್ತು. ಬಿಟ್ಟದ್ದರಿಂದ ಜಾಗ ಹುಟ್ಟಿತು, ಆ ಜಾಗದಲ್ಲಿ ಹೊಸ ಸದ್ದು ಹುಟ್ಟಿತು. ಅಮೆರಿಕದಲ್ಲಿ ಅಟ್ಲಾಂಟಿಕ್ ಕಂಪನಿ ಈ ಆಲ್ಬಂ ಕೇಳಿ ಬೇಡವೆಂದಿತು. ಅಲ್ಲಿ ಮರ್ಕ್ಯುರಿ ಹೊರತಂದಿತು. ಬ್ರಿಟನ್ನಿನಲ್ಲಿ ಅದು ನಂಬರ್ ಒನ್ ಆಯಿತು. 1981ರಲ್ಲಿ ಕಾಲಿನ್ಸ್ ಅದೇ ಡ್ರಮ್ ಸದ್ದನ್ನು 'ಇನ್ ದಿ ಏರ್ ಟುನೈಟ್' ಹಾಡಿನಲ್ಲಿ ಬಳಸಿದರು. ಮುಂದೆ ಆ ದಶಕದ ಎಷ್ಟು ಹಾಡುಗಳಲ್ಲಿ ಅದು ಬಂತು ಅಂತ ನಿಮಗೇ ಗೊತ್ತು.

ಕೆನಡಾದ ರಾಕ್ ತಂಡ ರಷ್‌ನ ದಾರಿ ಬೇರೆ. 1976ರ '2112' ಹಾಡು 20 ನಿಮಿಷದ್ದು, ಎಲ್‌ಪಿಯ ಒಂದು ಇಡೀ ಬದಿ. ನಾಲ್ಕು ವರ್ಷದ ನಂತರ ಅದೇ ಮೂವರು 'ದಿ ಸ್ಪಿರಿಟ್ ಆಫ್ ರೇಡಿಯೋ' ಕೊಟ್ಟರು. ಐದು ನಿಮಿಷವೂ ಇಲ್ಲ. ಆ ಹೆಸರು ಟೊರಾಂಟೋ ಕಡೆಯ ಸಿಎಫ್‌ಎನ್‌ವೈ ರೇಡಿಯೋ ಕೇಂದ್ರದ ಘೋಷವಾಕ್ಯ. ನ್ಯೂ ವೇವ್ ಹಾಡುಗಳಿಗೆ ಜಾಗ ಕೊಟ್ಟ ಕೇಂದ್ರ ಅದು. ಹಾಡಿನ ಕೊನೆಯ ಭಾಗದಲ್ಲಿ ಇದ್ದಕ್ಕಿದ್ದಂತೆ ಜಮೈಕಾದ ರೆಗೆ ಲಯ ಬರುತ್ತದೆ. ಮೊದಲ ಸಲ ಕೇಳಿದವರಿಗೆ ಇದೇನು ಅನ್ನಿಸುತ್ತದೆ. 1981ರ 'ವೈಟಲ್ ಸೈನ್ಸ್' ಹೊತ್ತಿಗೆ ಆ ರೆಗೆ ಲಯ ಇಡೀ ಹಾಡನ್ನೇ ಹೊತ್ತು ನಡೆಸುತ್ತದೆ. ಇವರು ಬಿಟ್ಟದ್ದು ಉದ್ದವನ್ನು. ಲಯದ ಮೇಲಿನ ಪ್ರೀತಿಯನ್ನು ಬಿಡಲಿಲ್ಲ. ನನಗೆ ಅವರ ಮೇಲೆ ಇಷ್ಟು ಗೌರವ ಇರುವುದು ಅದಕ್ಕೇ.

1982ರ 'ಸಿಗ್ನಲ್ಸ್' ಆಲ್ಬಂನಲ್ಲಿ ಮಾತ್ರ ತೂಕ ತಪ್ಪಿತು. ಕೀಬೋರ್ಡ್ ಮುಂದೆ ಬಂತು, ಅಲೆಕ್ಸ್ ಲೈಫ್ಸನ್ ಅವರ ಗಿಟಾರ್ ಹಿಂದೆ ಸರಿಯಿತು. ಇದು ತಮಗೆ ಹಿಡಿಸಲಿಲ್ಲ ಅಂತ ಆಮೇಲೆ ಲೈಫ್ಸನ್ ಅವರೇ ಹೇಳಿಕೊಂಡರು. ಅಲ್ಲಿ ಗಿಟಾರ್ ತಾನಾಗಿ ಜಾಗ ಬಿಟ್ಟುಕೊಟ್ಟಂತೆ ಕೇಳುವುದಿಲ್ಲ, ಮುಚ್ಚಿಹೋದಂತೆ ಕೇಳುತ್ತದೆ. ಆದರೆ ಅಮೆರಿಕದ ಟಾಪ್ 40 ಒಳಗೆ ಹೋದ ಅವರ ಒಂದೇ ಹಾಡು ಇರುವುದೂ ಇದೇ ಆಲ್ಬಂನಲ್ಲಿ, 'ನ್ಯೂ ವರ್ಲ್ಡ್ ಮ್ಯಾನ್'. ಕ್ಯಾಸೆಟ್ಟಿನ ಎರಡೂ ಬದಿ ಸರಿಹೊಂದಲಿ ಅಂತ ಕೊನೆಯಲ್ಲಿ ಬೇಗ ಬೇಗ ಮಾಡಿದ ಹಾಡು ಅದು. ಯೋಚನೆ ಮಾಡಲು, ತುಂಬಲು ಸಮಯವೇ ಇರಲಿಲ್ಲ.

ಇಂಗ್ಲೆಂಡಿನ ರಾಕ್ ತಂಡ ಯೆಸ್‌ನದ್ದು ಇನ್ನೊಂದು ತರಹ. ಅಲ್ಲಿ ಜಾಗ ಬಿಟ್ಟವರು ತಂಡದವರೇ. 1980ರಲ್ಲಿ ಹಾಡುಗಾರ ಜಾನ್ ಆಂಡರ್ಸನ್, ಕೀಬೋರ್ಡಿನ ರಿಕ್ ವೇಕ್ಮನ್ ಇಬ್ಬರೂ ಹೊರಟುಹೋದರು. ಆ ಜಾಗಕ್ಕೆ ಬಂದವರು ಬಗಲ್ಸ್ ಜೋಡಿ, ಅಂದರೆ 'ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್' ಮಾಡಿದ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್. ಹೀಗೆ 'ಡ್ರಾಮಾ' ಆಲ್ಬಂ ಬಂತು. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತಲೇ ನನ್ನ ಅಭಿಪ್ರಾಯ. 1981ರಲ್ಲಿ ತಂಡ ಒಡೆಯಿತು. ಮತ್ತೆ ಒಂದಾದಾಗ ಆಂಡರ್ಸನ್ ಮರಳಿ ಬಂದರು, ಹಾರ್ನ್ ನಿರ್ಮಾಪಕರಾದರು. 'ಓನರ್ ಆಫ್ ಎ ಲೋನ್ಲಿ ಹಾರ್ಟ್' 1984ರ ಜನವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್.

ಕೆನಡಾದ ಗಾಯಕ ನೀಲ್ ಯಂಗ್ ಬಿಟ್ಟದ್ದು ಎಲ್ಲರಿಗಿಂತ ದೊಡ್ಡದು. ಜನ ಅವರನ್ನು ಗುರುತಿಸುತ್ತಿದ್ದುದೇ ಆ ತೆಳು, ನಡುಗುವ ದನಿಯಿಂದ. 1982ರ ಕೊನೆಗೆ ಬಂದ 'ಟ್ರಾನ್ಸ್' ಆಲ್ಬಂನ ಹೆಚ್ಚಿನ ಹಾಡುಗಳಲ್ಲಿ ಅವರು ಆ ದನಿಯನ್ನೇ ವೊಕೋಡರ್‌ಗೆ, ಅಂದರೆ ದನಿಯನ್ನು ರೋಬೋಟ್ ಮಾತಿನ ಹಾಗೆ ಮಾಡುವ ಯಂತ್ರಕ್ಕೆ ಕೊಟ್ಟರು. ಮಾತು ಅರ್ಥವೇ ಆಗುವುದಿಲ್ಲ. ಅಭಿಮಾನಿಗಳು ಸಿಟ್ಟಾದರು. ಈ ಆಲ್ಬಂ ಮತ್ತು ಇದರ ನಂತರದ್ದು ಅವರ ಹಳೆಯ ಸಂಗೀತದ ಹಾಗಿಲ್ಲ ಅಂತ ಅವರ ರೆಕಾರ್ಡ್ ಕಂಪನಿ ಗೆಫೆನ್ ಅವರ ಮೇಲೇ ಮೊಕದ್ದಮೆ ಹೂಡಿತು. ಯಂಗ್ ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರುತ್ತಿರಲಿಲ್ಲ. ಮಗನ ಜೊತೆ ಮಾತಾಡಲು ಹೊರಟ ಪ್ರಯತ್ನವೇ ಈ ಹಾಡುಗಳು ಅಂತ ಯಂಗ್ ಆಮೇಲೆ ಹೇಳಿದರು. ಅದು ಗೊತ್ತಾದ ಮೇಲೆ ಒಮ್ಮೆ 'ಟ್ರಾನ್ಸ್‌ಫಾರ್ಮರ್ ಮ್ಯಾನ್' ಕೇಳಿ. ಯಾಂತ್ರಿಕ ಅನ್ನಲು ಬಾಯಿ ಬರುವುದಿಲ್ಲ.

ಕೊನೆಗೆ ಇಂಗ್ಲೆಂಡಿನ ಗಿಟಾರಿಸ್ಟ್ ರಾಬರ್ಟ್ ಫ್ರಿಪ್. 1974ರಲ್ಲಿ ತಮ್ಮ ಕಿಂಗ್ ಕ್ರಿಮ್ಸನ್ ತಂಡವನ್ನು ನಿಲ್ಲಿಸಿದ್ದರು. ನ್ಯೂಯಾರ್ಕಿಗೆ ಹೋಗಿ ಅಲ್ಲಿಯ ಹೊಸ ಸಂಗೀತದ ಮಧ್ಯೆ ಇದ್ದರು. ಗೇಬ್ರಿಯಲ್ ಅವರ ಆ ಮೂರನೇ ಆಲ್ಬಂನಲ್ಲೂ ನುಡಿಸಿದರು. 1981ರಲ್ಲಿ ತಂಡ ಮತ್ತೆ ಕಟ್ಟಿದಾಗ ಎರಡನೇ ಗಿಟಾರಿಗೆ ಕರೆದದ್ದು ಟಾಕಿಂಗ್ ಹೆಡ್ಸ್ ಜೊತೆ ಪ್ರವಾಸ ಮಾಡಿ ಬಂದಿದ್ದ ಏಡ್ರಿಯನ್ ಬೆಲ್ಯೂ ಅವರನ್ನು. ಅಲ್ಲಿಯವರೆಗೆ ಆ ತಂಡದಲ್ಲಿ ಗಿಟಾರ್ ಅಂದರೆ ಫ್ರಿಪ್ ಒಬ್ಬರೇ. ಈಗ ಆ ಪಟ್ಟ ಬಿಟ್ಟು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡರು.

ಈಗ ಆ ಹೊಸ ಕಿಂಗ್ ಕ್ರಿಮ್ಸನ್ ತಂಡದ 'ಫ್ರೇಮ್ ಬೈ ಫ್ರೇಮ್' ಹಾಕುತ್ತೇನೆ. ಎರಡು ಗಿಟಾರೂ ಏಳರ ಎಣಿಕೆಯಲ್ಲಿ ಒಂದೇ ಸಾಲನ್ನು ನುಡಿಸುತ್ತವೆ. ನಡುವೆ ಒಂದು ಗಿಟಾರ್ ಒಂದೇ ಒಂದು ಸ್ವರವನ್ನು ನುಡಿಸದೆ ಬಿಡುತ್ತದೆ. ಅಲ್ಲಿಂದ ಎರಡೂ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತವೆ, ಆಮೇಲೆ ಬಂದು ಕೂಡುತ್ತವೆ. ತಾಳ ಹಾಕುವ ಅಭ್ಯಾಸ ಇರುವವರು ಕೈಯಲ್ಲಿ ಏಳು ಎಣಿಸುತ್ತಾ ಕೇಳಿ. ಎಲ್ಲಿ ತಪ್ಪಿತು, ಎಲ್ಲಿ ಕೂಡಿತು ಅಂತ ಹಾಡು ಮುಗಿದ ಮೇಲೆ ಮಾತಾಡೋಣ.