ದೇವದತ್ತ ರಾತ್ರಿ ಉಣ್ಣುತ್ತಾನೆ: ಆನ್‌ಲೈನ್ ಮಾಫಿಯಾ ಆಟದಲ್ಲಿ ಸುಳ್ಳು ಮತ್ತು ತಿಳಿವು

(ಉಡುಪಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಬೆಳಗ್ಗಿನ ಗೋಷ್ಠಿಯಲ್ಲಿ ಮಾತನಾಡಿದ ಯುವ ಮಿತ್ರರು ಸುಳ್ಳು ಹೇಳುವವನ ಕಣ್ಣು ಯಾವ ಕಡೆ ಹೊರಳುತ್ತದೆ, ದನಿ ಎಲ್ಲಿ ನಡುಗುತ್ತದೆ, ಕೈ ಯಾವಾಗ ಮೂಗಿನ ಹತ್ತಿರ ಹೋಗುತ್ತದೆ ಎಂಬುದನ್ನು ಬಹಳ ಸ್ವಾರಸ್ಯವಾಗಿ ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ತಟ್ಟಿದ ಮೇಲೆ ನನ್ನ ಟಿಪ್ಪಣಿಯ ಮೊದಲ ಹಾಳೆಯನ್ನು ಮಡಚಿ ಜೇಬಿಗೆ ಸೇರಿಸಿದೆ, ಏಕೆಂದರೆ ನಾನು ಹೇಳಬೇಕೆಂದು ಬಂದಿರುವುದು ಅದಕ್ಕೆ ತೀರ ವಿರುದ್ಧವಾದ ಮಾತು. ಪಾತ್ರಗಳನ್ನು ಮುಚ್ಚಿಟ್ಟು ಆಡುವ ಈ ಆಟಗಳಲ್ಲಿ ಸುಳ್ಳನ್ನು ಹುಡುಕುತ್ತ ಕೂತವನು ಸೋಲುತ್ತಾನೆ. ಯಾರಿಗೆ ಏನು ಗೊತ್ತಿದೆ, ಅದು ಅವರಿಗೆ ಗೊತ್ತಾದದ್ದಾದರೂ ಹೇಗೆ ಎಂದು ಕೇಳುವವನಿಗೆ ಮಾತ್ರ ಒಂದು ದಾರಿ ಉಂಟು.

ಆಟದ ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ ಅಮಾಂಗ್ ಅಸ್ ಆಡದವರು ಈ ಸಭಾಂಗಣದಲ್ಲಿ ನನ್ನ ವಯಸ್ಸಿನವರು ಮಾತ್ರ. 2018ರಲ್ಲಿಯೇ ಬಿಡುಗಡೆಯಾಗಿ ಎರಡು ವರ್ಷ ಯಾರೂ ಕಣ್ಣೆತ್ತಿ ನೋಡದಿದ್ದ ಆ ಆಟ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಾಗ ಲೋಕವೆಲ್ಲ ಹಬ್ಬಿತು. ಅದರ ಅಜ್ಜ ಮಾಫಿಯಾ. ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ದಿಮಿತ್ರಿ ಡೇವಿಡಾಫ್ 1986ರಲ್ಲಿ ಕಟ್ಟಿದ ಆಟ ಅದು. 1997ರಲ್ಲಿ ಆಂಡ್ರೂ ಪ್ಲಾಟ್‌ಕಿನ್ ಅದಕ್ಕೆ ತೋಳಮನುಷ್ಯನ ವೇಷ ಹಾಕಿದರು. ಮಾಫಿಯಾದವರಿಗೆ ತಮ್ಮವರು ಯಾರೆಂದು ಗೊತ್ತು, ಊರಿನವರಿಗೆ ಏನೂ ಗೊತ್ತಿಲ್ಲ. ಹಗಲು ಎಲ್ಲರೂ ಸೇರಿ ಮಾತನಾಡಿ ಒಬ್ಬರನ್ನು ವೋಟು ಹಾಕಿ ಹೊರಗೆ ಹಾಕುತ್ತಾರೆ, ರಾತ್ರಿ ಮಾಫಿಯಾ ಒಬ್ಬರನ್ನು ಕೊಲ್ಲುತ್ತದೆ. ಡೇವಿಡಾಫ್ ಅವರ ಕಲ್ಪನೆಯ ತಿರುಳು ಇಷ್ಟೇ: ತಿಳಿದ ಅಲ್ಪಸಂಖ್ಯಾತರಿಗೂ ತಿಳಿಯದ ಬಹುಸಂಖ್ಯಾತರಿಗೂ ನಡೆಯುವ ಹೋರಾಟ. ಇಲ್ಲಿ ಎರಡು ಪಕ್ಷಗಳನ್ನು ಬೇರ್ಪಡಿಸುವುದು ತಿಳಿವು. ಸತ್ಯ ಮತ್ತು ಸುಳ್ಳು ಅಲ್ಲ. ಇದನ್ನು ನಾನು ಮತ್ತೆ ಮತ್ತೆ ಹೇಳಲಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಿ.

ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದವನು ನಾನು. ಅರ್ಥಾಪತ್ತಿಯ ಪಾಠಕ್ಕೆ ಮೀಮಾಂಸಕರ ಹಳೆಯ ಉದಾಹರಣೆಯೊಂದಿದೆ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಹಾಗಾದರೆ? ರಾತ್ರಿ ಉಣ್ಣುತ್ತಾನೆ. ಅವನು ಉಣ್ಣುವುದನ್ನು ಯಾರೂ ಕಂಡಿಲ್ಲ, ಆದರೆ ಕಂಡ ಎರಡು ಸಂಗತಿಗಳು ಒಂದಕ್ಕೊಂದು ಹೊಂದಬೇಕಾದರೆ ಕಾಣದ ಮೂರನೆಯದನ್ನು ಒಪ್ಪಲೇಬೇಕು. (ಉಡುಪಿಯಲ್ಲಿ ನಿಂತು ಅರ್ಥಾಪತ್ತಿಯನ್ನು ಬೇರೆಯೇ ಒಂದು ಪ್ರಮಾಣವೆಂದು, ಎಂದರೆ ತಿಳಿವಿನ ಬೇರೆಯೇ ಒಂದು ದಾರಿಯೆಂದು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಮಧ್ವಮತದಲ್ಲಿ ಪ್ರಮಾಣಗಳು ಮೂರೇ, ಅರ್ಥಾಪತ್ತಿ ಅನುಮಾನದ ಹೊಟ್ಟೆಯೊಳಗೆ ಸೇರಿಹೋಗುತ್ತದೆ. ಹಿಂದಿನ ಸಾಲಿನಲ್ಲಿ ನಗುತ್ತಿರುವ ವಿದ್ವಾಂಸರೊಡನೆ ಆ ಜಗಳವನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ.) ರಾತ್ರಿ ಕಾಣದೆ ನಡೆದದ್ದನ್ನು ಹಗಲಿನ ಮೈಯಿಂದ ಊಹಿಸಬೇಕಾದ ಆಟಕ್ಕೆ ದೇವದತ್ತನಿಗಿಂತ ಒಳ್ಳೆಯ ಗುರು ನನಗೆ ತೋರುವುದಿಲ್ಲ.

ಈಗ ನನ್ನ ಸ್ವಂತ ಸೋಲಿನ ಕಥೆ. ಅದೇ 2020ರ ಮಳೆಗಾಲ. ನಮ್ಮ ಕುಟುಂಬದ ಒಂಬತ್ತು ಮಂದಿ, ಉಡುಪಿ, ಮಂಗಳೂರು, ಬೆಂಗಳೂರು, ಮಸ್ಕತ್‌ಗಳಲ್ಲಿ ಕೂತು ಪ್ರತಿ ಶನಿವಾರ ವಾಟ್ಸಾಪಿನಲ್ಲಿ ಮಾಫಿಯಾ ಆಡುತ್ತಿದ್ದೆವು. ಹಗಲಿನ ಚರ್ಚೆ ಕರೆಯಲ್ಲಿ, ವೋಟು ಗ್ರೂಪಿನಲ್ಲಿ ಬರಹದಲ್ಲಿ. ಆಟ ನಡೆಸುವವನು ಹತ್ತನೆಯವನು, ತಮ್ಮನ ಮಗ. ಅವನನ್ನು ನಾವು ಯಕ್ಷಗಾನದ ಹಾಡುಗಾರರ ಹಾಗೆ ಭಾಗವತರೆಂದು ಕರೆಯುತ್ತಿದ್ದೆವು, ಏಕೆಂದರೆ ಅವನು ಪದ ಎತ್ತದೆ ಯಾವ ವೇಷವೂ ಕುಣಿಯುವಂತಿರಲಿಲ್ಲ. ಮಾಫಿಯಾದವರು ಇಬ್ಬರು, ರಾತ್ರಿ ಒಬ್ಬರ ಪಾತ್ರವನ್ನು ಪರೀಕ್ಷಿಸುವ ಪತ್ತೇದಾರ ಒಬ್ಬ, ರಾತ್ರಿ ಒಬ್ಬರನ್ನು ಕಾಪಾಡುವ ಡಾಕ್ಟರ್ ಒಬ್ಬರು, ಉಳಿದ ಐವರು ಊರಿನವರು. ಹೊರಗೆ ಹೋದವರ ಪಾತ್ರವನ್ನು ಆಟ ಮುಗಿಯುವವರೆಗೆ ಭಾಗವತರು ಹೇಳುವುದಿಲ್ಲ. ಈ ಕೊನೆಯ ನಿಯಮವನ್ನು ನೆನಪಿನಲ್ಲಿಡಿ.

ಮೊದಲ ರಾತ್ರಿ ನನ್ನ ಅತ್ತಿಗೆ ಸತ್ತರು. ಮೊದಲ ಹಗಲು ನನ್ನ ಮಗನ ಮೇಲೆ ಅನುಮಾನ ಬಂದು ಅವನನ್ನು ಹೊರಗೆ ಹಾಕಿದೆವು. ಭಾವನವರೂ ಅವನಿಗೇ ವೋಟು ಹಾಕಿದ್ದರು. ಎರಡನೆಯ ರಾತ್ರಿ ಯಾರೂ ಸಾಯಲಿಲ್ಲ. ಮಾಫಿಯಾ ಯಾರ ಮೇಲೆ ಎರಗಿತೋ ಅವರನ್ನೇ ಡಾಕ್ಟರ್ ಕಾಪಾಡಿದ್ದರು. ಎರಡನೆಯ ಹಗಲು ಕರೆ ತೆರೆದ ಕೂಡಲೇ ಮಸ್ಕತ್‌ನಿಂದ ಅಕ್ಕನ ಮಗಳು, “ಮಾವ ಅಲ್ಲ, ಮಾವನನ್ನು ಬಿಟ್ಟು ಬೇರೆಯವರನ್ನು ನೋಡುವ” ಎಂದಳು. ಏಕೆ ಎಂದು ಯಾರೋ ಕೇಳಿದರೆ ತಡವರಿಸಿದಳು. “ಸುಮ್ಮನೆ ಹಾಗೆ ಅನಿಸ್ತದೆ” ಎಂದಳು. ದನಿ ನಡುಗುತ್ತಿತ್ತು. ಬೆಳಗ್ಗಿನ ಮಿತ್ರರು ಅಲ್ಲಿದ್ದರೆ ಕೂಡಲೇ ಅವಳತ್ತ ಬೆರಳು ತೋರಿಸುತ್ತಿದ್ದರು.

ನಾನು ದನಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟರಮಟ್ಟಿಗೆ ನಾನು ಶಾಸ್ತ್ರಜ್ಞ. ಆದರೆ ನನ್ನದೇ ಸಿದ್ಧಾಂತವನ್ನು ಹಿಡಿದುಕೊಂಡೆ. ನಾನು ಊರಿನವನೆಂದು ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಬಾರದು. ಇವಳಿಗೆ ಗೊತ್ತಿದೆ. ಎಲ್ಲರ ಬಣ್ಣ ಗೊತ್ತಿರುವುದು ಮಾಫಿಯಾಕ್ಕೆ. ಆದ್ದರಿಂದ ದೇವದತ್ತ ರಾತ್ರಿ ಉಣ್ಣುತ್ತಾನೆ! ನಾನು ವೋಟು ಹಾಕಿದೆ, ನನ್ನ ಹಿಂದೆ ಇತರರೂ ಹಾಕಿದರು, ಅವಳ ತಂದೆಯೇ ಆದ ಭಾವನವರೂ ಹಾಕಿದರು. ಅಕ್ಕ ಆಮೇಲೆ ಒಂದು ವಾರ ಭಾವನವರಿಗೆ ಕಾಫಿಗೆ ಸಕ್ಕರೆ ಕಮ್ಮಿ ಹಾಕಿದ್ದು ಬೇರೆ ವಿಷಯ.

ಅವಳೇ ಡಾಕ್ಟರ್. ಆ ರಾತ್ರಿ ಕಾಪಾಡಿದ್ದು ನನ್ನನ್ನು. ಸಾವು ತಪ್ಪಿದ್ದರಿಂದ ಮಾಫಿಯಾ ಎರಗಿದ್ದು ನನ್ನ ಮೇಲೆಯೇ ಎಂದು ಅವಳಿಗೆ ತಿಳಿಯಿತು, ಆದ್ದರಿಂದ ನಾನು ಮಾಫಿಯಾ ಅಲ್ಲವೆಂದೂ ತಿಳಿಯಿತು. ಬಾಯಿಬಿಟ್ಟರೆ ಮುಂದಿನ ರಾತ್ರಿ ತನ್ನ ಕಥೆ ಮುಗಿಯುತ್ತದೆಂದು ಕಾರಣ ಹೇಳದೆ ತಡವರಿಸಿದಳು. ಊರಿನ ಪಕ್ಷದವರೂ ಈ ಆಟದಲ್ಲಿ ಸುಳ್ಳು ಹೇಳಲೇಬೇಕಾಗುತ್ತದೆ. ಸುಳ್ಳಿನ ಲಕ್ಷಣಗಳೆಲ್ಲ ಪ್ರಾಮಾಣಿಕ ಡಾಕ್ಟರರ ಮೈಮೇಲೂ ಕಾಣಿಸುತ್ತವೆ.

ಹಾಗಾದರೆ ನನ್ನ ಸಿದ್ಧಾಂತ ತಪ್ಪೇ? ಇಲ್ಲ, ನಾನು ಅದನ್ನು ಅರ್ಧಕ್ಕೆ ಬಿಟ್ಟೆ. ದೇವದತ್ತ ರಾತ್ರಿ ಉಣ್ಣುತ್ತಾನೆ ಎಂಬಷ್ಟು ನಿಜ. ಕದ್ದು ಉಣ್ಣುತ್ತಾನೆ ಎಂದು ಯಾರು ಹೇಳಿದರು? ಅವಳಿಗೆ ನನ್ನ ವಿಷಯ ತಿಳಿಯಲು ಮೂರು ದಾರಿಗಳಿದ್ದವು: ಪತ್ತೇದಾರಳಾಗಿ ನನ್ನನ್ನು ಪರೀಕ್ಷಿಸಿರಬಹುದು, ಡಾಕ್ಟರಾಗಿ ಕಾಪಾಡಿರಬಹುದು, ಮಾಫಿಯಾ ಆಗಿರಬಹುದು. ಹಿಂದಿನ ರಾತ್ರಿ ಯಾರೂ ಸಾಯಲಿಲ್ಲ ಎಂಬುದು ಎರಡನೆಯ ದಾರಿಯನ್ನು ಕೂಗಿ ಹೇಳುತ್ತಿತ್ತು. ನಾನು ಕಂಡದ್ದು ಮೂರನೆಯದನ್ನು ಮಾತ್ರ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆಟ ಸೋತ ಮೇಲೆ ನಡುರಾತ್ರಿ ಗ್ರೂಪನ್ನು ಮೇಲಿನಿಂದ ಓದಿದೆ. ಎರಡನೆಯ ಹಗಲು ಚರ್ಚೆ ಶುರುವಾಗುವ ಮೊದಲೇ ಭಾವನವರು ಒಂದು ಸಾಲು ಬರೆದಿದ್ದರು: “ಇನ್ನೂ ಇಬ್ಬರು ಉಂಟು, ಜಾಗ್ರತೆ.” ಎಂಟು ಮಂದಿ ಓದಿದ್ದೆವು. ಇಬ್ಬರು ಹೆಬ್ಬೆರಳನ್ನೂ ಒತ್ತಿದ್ದರು. ಇನ್ನೂ ಇಬ್ಬರು ಉಳಿದಿದ್ದಾರೆ ಎಂದರೆ ನಾವು ಹೊರಗೆ ಹಾಕಿದ ನನ್ನ ಮಗ ಮಾಫಿಯಾ ಅಲ್ಲ ಎಂದರ್ಥ. ಅವನ ಪಾತ್ರವನ್ನು ಭಾಗವತರು ಹೇಳಿರಲಿಲ್ಲ. ಭಾವನವರು ಪತ್ತೇದಾರರಾಗಿ ಅವನನ್ನು ಮೊದಲ ರಾತ್ರಿ ಪರೀಕ್ಷಿಸಿದ್ದರೆ? ಹಾಗಿದ್ದರೆ ಅವನಿಗೇ ವೋಟು ಏಕೆ ಹಾಕುತ್ತಿದ್ದರು? ಅವನನ್ನು ಮಾಫಿಯಾ ಎಂದು ನಂಬಿ ವೋಟು ಹಾಕಿದ ಊರಿನವರಾಗಿದ್ದರೆ, ಇನ್ನೊಬ್ಬ ಉಳಿದಿದ್ದಾನೆ ಎಂದು ಬರೆಯಬೇಕಿತ್ತು. ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಉಳಿಯುವುದು ಒಂದೇ. ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕದಲ್ಲಿ ಬಲು ಕಟ್ಟುನಿಟ್ಟು; ಸುಳ್ಳು ಹೇಳುವಾಗಲೂ ಲೆಕ್ಕ ತಪ್ಪಿಸಲು ಅವರಿಂದ ಆಗಲಿಲ್ಲ. ಎರಡನೆಯ ಮಾಫಿಯಾ ಯಾರೆಂದು ನಾನು ಇಲ್ಲಿ ಹೇಳುವಂತಿಲ್ಲ, ಅವರು ಮೊದಲ ಸಾಲಿನಲ್ಲಿ ಕೂತಿದ್ದಾರೆ, ಮತ್ತು ನಾನು ರಾತ್ರಿ ಅದೇ ಮನೆಗೆ ಹೋಗಬೇಕಾಗಿದೆ.

ಆನ್‌ಲೈನ್ ಆಟದ ದೊಡ್ಡ ಉಪಕಾರ ಇದು: ಮಾತು ಗಾಳಿಗೆ ಹೋಗುತ್ತದೆ, ಬರೆದ ಸಾಲು ಅಲ್ಲಿಯೇ ಕೂತಿರುತ್ತದೆ. ಹಾಗಾಗಿ ಯಾರ ಬಗ್ಗೆಯೂ ತೀರ್ಮಾನಕ್ಕೆ ಬರುವ ಮೊದಲು ವೋಟುಗಳನ್ನು ಮೇಲಿನಿಂದ ಓದಿ. ಯಾರು ಯಾವ ಹೊತ್ತಿಗೆ, ಎಷ್ಟನೆಯವರಾಗಿ ವೋಟು ಹಾಕಿದರು ಎಂಬುದನ್ನು ನೋಡಿ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದ ನಮಗೆ ಈ ವಿವೇಕ ಹೊಸದಾಗಬಾರದು. ಇಂದು ಕರ್ಣನಾಗಿ ಕಣ್ಣೀರು ತರಿಸಿದ ಅರ್ಥಧಾರಿಯೇ ನಾಳೆ ಅರ್ಜುನನಾಗಿ ಕರ್ಣನ ವಾದವನ್ನು ಪುಡಿಮಾಡುತ್ತಾನೆ. ಸೊಗಸಾಗಿ ವಾದಿಸಿದವನು ಸತ್ಯವಂತನೆಂದು ನಾವು ಅಲ್ಲಿ ಎಂದೂ ಭಾವಿಸುವುದಿಲ್ಲ, ಆದರೆ ಮೊಬೈಲು ಕೈಗೆ ಬಂದ ಕೂಡಲೇ ಮರೆಯುತ್ತೇವೆ.

ಈ ಆಟದ ಅತ್ಯುತ್ತಮ ಪಂದ್ಯವೂ ಯಕ್ಷಗಾನದಲ್ಲಿಯೇ ಇದೆ: ವಿರಾಟನಗರ. ಆರು ಮಂದಿ ಪಾತ್ರ ಮುಚ್ಚಿಟ್ಟುಕೊಂಡು ಕೂತಿದ್ದಾರೆ, ಕೌರವರ ಗೂಢಚಾರರು ಬರಿಗೈಯಲ್ಲಿ ಮರಳಿದ್ದಾರೆ. ಅವರು ಮುಖಗಳನ್ನು ಹುಡುಕಿದರು, ಸಿಗಲಿಲ್ಲ. ಸುಳಿವು ಕೊಟ್ಟದ್ದು ರಾತ್ರಿಯ ಒಂದು ಸಾವು. ಕೀಚಕನನ್ನು ಬರಿಗೈಯಲ್ಲಿ ಮುಗಿಸಬಲ್ಲವರು ಲೋಕದಲ್ಲಿ ಎಷ್ಟು ಮಂದಿ? ಬೆರಳೆಣಿಕೆ. ಉಳಿದವರನ್ನು ತೆಗೆದುಹಾಕಿ, ಭೀಮ ಉಳಿಯುತ್ತಾನೆ. ಇಷ್ಟಕ್ಕೇ ದುರ್ಯೋಧನ ನಿಲ್ಲಲಿಲ್ಲ, ಗೋವುಗಳನ್ನು ಹಿಡಿದು ಪರೀಕ್ಷೆಯನ್ನೇ ಒಡ್ಡಿದ. ಸುಮ್ಮನೆ ಕೂತರೆ ಆಶ್ರಯ ಕೊಟ್ಟ ರಾಜ ಕೆಡುತ್ತಾನೆ, ಎದ್ದು ಬಂದರೆ ಪಾತ್ರ ಬಯಲಾಗುತ್ತದೆ. ಒಳ್ಳೆಯ ಆಟಗಾರ ಪ್ರಶ್ನೆ ಕೇಳುವ ಬದಲು ಇಂಥ ಸನ್ನಿವೇಶವನ್ನು ನಿರ್ಮಿಸುತ್ತಾನೆ. ಆದರೂ ದುರ್ಯೋಧನ ಸೋತದ್ದು ಲೆಕ್ಕದಲ್ಲಿ: ಐದು ವರ್ಷಕ್ಕೆ ಎರಡು ಅಧಿಕ ಮಾಸ ಸೇರಿಸಿದರೆ ಅವಧಿ ಆಗಲೇ ಮುಗಿದಿದೆ ಎಂದು ಭೀಷ್ಮರು ತೋರಿಸಿಕೊಟ್ಟರು. ನಮ್ಮ ಭಾವನವರನ್ನು ಕೂರಿಸಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಸಂಘಟಕರ ಚೀಟಿ ಬಂದಿದೆ, ಐದು ನಿಮಿಷವೆಂದು. ಮೂರು ವಿಷಯಗಳು ಉಳಿದಿವೆ, ಓಡುತ್ತ ಹೇಳುತ್ತೇನೆ.

ಬೆಳಗ್ಗಿನ ಮಾತಿಗೆ ಉತ್ತರ: ಬಾಂಡ್ ಮತ್ತು ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನ ಸುಳ್ಳು ಯಾವುದು, ಸತ್ಯ ಯಾವುದು ಎಂದು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇಕಡಾ 54ರಷ್ಟು ಸಲ. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ.

ಗಣಿತ: ಬ್ರೇವರ್‌ಮನ್, ಎತೆಸಾಮಿ, ಮೊಸೆಲ್ ಎಂಬ ಮೂವರು 2008ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಪತ್ತೇದಾರನೇ ಇಲ್ಲದ ಊರಿನಲ್ಲಿ ಸಮಬಲದ ಹೋರಾಟಕ್ಕೆ ಬೇಕಾದ ಮಾಫಿಯಾದ ಸಂಖ್ಯೆ ಜನಸಂಖ್ಯೆಯ ವರ್ಗಮೂಲದ ಹಾಗೆ ಬೆಳೆಯುತ್ತದೆ, ಊರು ನಾಲ್ಕು ಪಟ್ಟಾದರೂ ಅವರು ಎರಡು ಪಟ್ಟಾದರೆ ಸಾಕು. ಒಬ್ಬ ಪತ್ತೇದಾರ ಬಂದರೆ ಮಾತ್ರ ಅವರೂ ಜನಸಂಖ್ಯೆಯ ನಿಶ್ಚಿತ ಪಾಲಿನಷ್ಟು ಇರಬೇಕಾಗುತ್ತದೆ. ಒಬ್ಬನ ಖಚಿತ ತಿಳಿವಿಗೆ ಅಷ್ಟು ಬೆಲೆ.

ಯಂತ್ರ: 2019ರಲ್ಲಿ ಡೀಪ್‌ರೋಲ್ ಎಂಬ ಕಂಪ್ಯೂಟರ್ ಕಾರ್ಯಕ್ರಮ, ಪಾತ್ರ ಮುಚ್ಚಿಟ್ಟೇ ಆಡುವ ಅವಲಾನ್ ಎಂಬ ಆಟದಲ್ಲಿ ಮನುಷ್ಯರಿಗಿಂತ ಚೆನ್ನಾಗಿ ಆಡಿತು. ಅದು ಒಂದು ಮಾತನ್ನೂ ಕೇಳಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಯಾರು ಯಾರನ್ನು ಆರಿಸಿದರು, ಯಾರು ಹೇಗೆ ವೋಟು ಹಾಕಿದರು, ಫಲ ಏನಾಯಿತು, ಇಷ್ಟನ್ನೇ ನೋಡಿತು.

ಎರಡನೆಯ ಚೀಟಿಯೂ ಬಂತು. ಅಕ್ಕನ ಮಗಳ ವಿಷಯವೊಂದು ಬಾಕಿ ಇದೆ. ಆಟ ಮುಗಿದ ದಿನ ಅವಳು ನನ್ನನ್ನು ಕೇಳಿದ್ದು ಒಂದೇ: “ನಿನಗೆ ಹೇಗೆ ಗೊತ್ತು ಅಂತ ನೀವು ಒಮ್ಮೆ ಕೇಳ್ಬಹುದಿತ್ತಲ್ಲ ಮಾವ, ಸುತ್ತು ಬಳಸಿಯಾದರೂ ಹೇಳ್ತಿದ್ದೆ.” ಮುಂದಿನ ಶನಿವಾರ ಅವಳು ಮತ್ತೆ ತಡವರಿಸಿದಳು. ಈ ಸಲ ನಾನು ಕೇಳಿದೆ. ಅವಳು ಸುತ್ತು ಬಳಸಿ, ಡಾಕ್ಟರಿಗೆ ಒಪ್ಪುವಂತೆ ಬಹಳ ಚೆನ್ನಾಗಿ ಹೇಳಿದಳು. ನಾನು ನಂಬಿದೆ, ನನ್ನ ಮಾತು ಕೇಳಿ ಊರೆಲ್ಲ ನಂಬಿತು. ಆ ಶನಿವಾರದ ಮಾಫಿಯಾ ಅವಳೇ.

ನಮಸ್ಕಾರ.