4,29,49,67,297: ಅವಿಭಾಜ್ಯದಂತೆ ಕಾಣುವ ಸಂಖ್ಯೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ಒಂದೇ ಸಂಖ್ಯೆಯ ಸುತ್ತ: 2³² + 1, ಅಂದರೆ 4,29,49,67,297. ಫರ್ಮಾ ಸಂಖ್ಯೆಗಳಲ್ಲಿ, ಅಂದರೆ 2ರ ಘಾತಸೂಚಿಯೂ 1, 2, 4, 8, 16, 32... ಎಂದು ಎರಡರ ಘಾತವೇ ಆಗಿದ್ದು ಕೊನೆಗೆ 1 ಕೂಡಿಸಿದ ಸಂಖ್ಯೆಗಳಲ್ಲಿ, 3, 5, 17, 257, 65,537 ಆದ ಮೇಲೆ ಇದರ ಸರದಿ. ಆ ಐದೂ ಅವಿಭಾಜ್ಯ; ಮುಂದಿನವೂ ಹಾಗೇ ಇರುತ್ತವೆಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು 641 × 67,00,417 ಎಂದು ಒಡೆದು ತೋರಿಸಿದ.

641 ಸಿಗುವ ದಾರಿ ನೋಡಿ. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳೆಲ್ಲ 64k + 1 ರೂಪದಲ್ಲೇ ಇರಬೇಕು ಎಂಬುದು ಆಯ್ಲರ್ ಕಂಡುಕೊಂಡ ನಿಯಮ. ಮುಂದೆ ಫ್ರೆಂಚ್ ಗಣಿತಜ್ಞ ಲ್ಯೂಕಾ ಅದನ್ನು 128k + 1ಕ್ಕೆ ಬಿಗಿಗೊಳಿಸಿದ. ಆಗ ಉಳಿಯುವುದು 129, 257, 385, 513, 641... ಇವುಗಳಲ್ಲಿ 129, 385, 513 ಅವಿಭಾಜ್ಯಗಳಲ್ಲ. 257 ತಾನೇ ಫರ್ಮಾ ಸಂಖ್ಯೆ, ಎರಡು ಬೇರೆ ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಹಾಗಾಗಿ ಮೊದಲ ಭಾಗಾಕಾರವೇ 641ರಿಂದ!

ಭಾಗಿಸದೆಯೂ ಸಾಧಿಸಬಹುದು, ನನಗೆ ತುಂಬ ಇಷ್ಟವಾದ ಸಾಧನೆ ಇದು. 641 = 5×2⁷ + 1; ಜೊತೆಗೆ 641 = 5⁴ + 2⁴. ಮೊದಲನೆಯದರಿಂದ, 641ರಿಂದ ಭಾಗಿಸಿದಾಗ 5×2⁷ ಎಂಬುದು −1ಕ್ಕೆ ಸಮಶೇಷ (ಎರಡರ ವ್ಯತ್ಯಾಸ 641ರಿಂದ ನಿಶ್ಶೇಷ); ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ ಎಂಬುದು 1ಕ್ಕೆ. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಇಡಿ. −2³² ಎಂಬುದು 1ಕ್ಕೆ ಸಮಶೇಷವಾಯಿತು, ಅಂದರೆ 2³² + 1 ನಿಶ್ಶೇಷ.

67,00,417 ಅವಿಭಾಜ್ಯವೇ? ಅದರ ವರ್ಗಮೂಲ ಸುಮಾರು 2,588. ಅಲ್ಲಿಯವರೆಗೆ 128k + 1 ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಆಗಲೇ ಹೊರಗುಳಿದಿದೆ. ಮಿಕ್ಕವು ಬಿಡುವ ಶೇಷ ಕ್ರಮವಾಗಿ 44, 120, 334, 622. ಹೌದು, ಅವಿಭಾಜ್ಯ.

ಎಚ್ಚರ ಬೇಕಾದದ್ದು ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಪರೀಕ್ಷೆಯಲ್ಲಿ. N ಬೆಸ ಅವಿಭಾಜ್ಯವಾದರೆ 2ರ (N−1)ನೇ ಘಾತವನ್ನು N ಇಂದ ಭಾಗಿಸಿದಾಗ ಶೇಷ 1. ನಮ್ಮ ಸಂಖ್ಯೆ ಸಂಯುಕ್ತವಾದರೂ ಇಲ್ಲಿ ಶೇಷ 1 ಬರುತ್ತದೆ: 2³² ಎಂಬುದು −1ಕ್ಕೆ ಸಮಶೇಷ, ಆದ್ದರಿಂದ 2⁶⁴ ಎಂಬುದು 1ಕ್ಕೆ, ಮತ್ತು N−1 = 2³² ಎಂಬುದು 64ರ ಗುಣಕ. ಹೀಗೆ ಇದು ಆಧಾರ 2ಕ್ಕೆ ಹುಸಿ ಅವಿಭಾಜ್ಯ, ಅಂದರೆ ಸಂಯುಕ್ತವಾಗಿದ್ದೂ ಪರೀಕ್ಷೆ ದಾಟುವ ಸಂಖ್ಯೆ. 2ರ ಬದಲು ಆಧಾರ 3 ತೆಗೆದುಕೊಂಡರೆ ಶೇಷ 3,02,90,26,160, ಗುಟ್ಟು ರಟ್ಟಾಗುತ್ತದೆ.

ಪ್ರೋಗ್ರಾಮ್ ಬರೆಯುವವರು ಇನ್ನೊಂದು ಗಮನಿಸಿ. ಚಿಹ್ನೆಯಿಲ್ಲದ 32 ಬಿಟ್‌ಗಳಲ್ಲಿ ಈ ಸಂಖ್ಯೆ ಬರೀ 1 ಆಗಿಬಿಡುತ್ತದೆ. 64 ಬಿಟ್ ಕೂಡ ಸಾಲದು: ಮೇಲಿನ ಪರೀಕ್ಷೆಗಾಗಿ 2ರಿಂದ ಶುರುಮಾಡಿ ಮತ್ತೆ ಮತ್ತೆ ವರ್ಗ ಮಾಡುತ್ತ ಹೋದರೆ ಆರನೇ ಸಲಕ್ಕೆ 2⁶⁴ ಬರುತ್ತದೆ, ಅದು ತುಂಬಿ ಹರಿದು 0 ಉಳಿಯುತ್ತದೆ. ಶೇಷ 1 ಅಲ್ಲವೆಂದು ಪ್ರೋಗ್ರಾಮ್ ‘ಸಂಯುಕ್ತ’ ಎನ್ನುತ್ತದೆ. ಉತ್ತರ ಸರಿ, ಲೆಕ್ಕ ತಪ್ಪು. ಇಂಥ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಗುಣಲಬ್ಧಕ್ಕೆ 128 ಬಿಟ್ ಇಡಿ.

ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ರೀತಿ ಬರೆಯಬಹುದು: 65,536² + 1², ಮತ್ತು 62,264² + 20,449². ಅವಿಭಾಜ್ಯಕ್ಕೆ ಇಂಥ ಎರಡು ರೂಪ ಇರಲಾರವು. ಸಂಯುಕ್ತ ಎನ್ನಲು ಇದೊಂದೇ ಸಾಕು.

ಉಳಿದ ವರ್ಗೀಕರಣ ಸುಲಭ. ಭಾಜಕಗಳು ನಾಲ್ಕು. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 67,01,059, ಅದು ಸಂಖ್ಯೆಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ. 17, 257, 65,537 ಬಾಹುಗಳ ಸಮಬಹುಭುಜಗಳನ್ನು ಅಳತೆಪಟ್ಟಿ, ಕೈವಾರಗಳಿಂದಲೇ ರಚಿಸಬಹುದು. 4,29,49,67,297 ಬಾಹುಗಳದ್ದನ್ನು ಆಗದು: ಹಾಗೆ ರಚಿಸಲು ಬಾಹುಗಳ ಸಂಖ್ಯೆಯ ಪ್ರತಿ ಬೆಸ ಅವಿಭಾಜ್ಯ ಅಪವರ್ತನದಿಂದ ಒಂದು ಕಳೆದರೆ ಎರಡರ ಘಾತ ಉಳಿಯಬೇಕು, ಆದರೆ 641ರಿಂದ ಒಂದು ಕಳೆದು ಉಳಿಯುವ 640 ಎರಡರ ಘಾತವಲ್ಲ.